ಗೇಬ್ರಿಯಲ್ ಪಂಕ್ತಿಯಲ್ಲಿ ಉಣ್ಣದೆ ಕೂತದ್ದು

ಅಬುಧಾಬಿಯ ಅಲ್ ರೀಮ್ ದ್ವೀಪದ ಒಂದು ಗಾಜಿನ ಕಟ್ಟಡದಲ್ಲಿ ವಕೀಲರ ಕಚೇರಿಯೊಂದಿದೆ. ಅಲ್ಲಿ ಓದಿದವರಿಗೆ ಬರವಿಲ್ಲ. ಲಂಡನ್ನಿನಲ್ಲಿ ಓದಿದವರಿದ್ದಾರೆ, ದಿಲ್ಲಿಯಲ್ಲಿ ಓದಿದವರಿದ್ದಾರೆ, ಎರಡೂ ಕಡೆ ಓದಿ ಎಲ್ಲಿಯೂ ನಗಲು ಕಲಿಯದವರೂ ಇದ್ದಾರೆ. ಇವರೆಲ್ಲ ತಲೆ ಕೆಡಿಸಿಕೊಂಡು ವಾದಿಸಿ ನ್ಯಾಯಾಧೀಶರಿಂದ ಒಂದು ಆಜ್ಞೆ ತಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಎಂದರೆ ಆ ಕಾಗದವನ್ನು ಕೊಂಡುಹೋಗಿ, ಅದು ಯಾರ ಮೇಲೆ ಹೊರಟಿದೆಯೋ ಅವನ ಕೈಯಲ್ಲಿಡುವುದು. ಆ ಉಳಿದರ್ಧದವನ ಹೆಸರು ಗೇಬ್ರಿಯಲ್ ಮಥಾಯಸ್. ಊರು ಕರಾವಳಿಯ ಶಿರ್ವ. ವಯಸ್ಸು ಐವತ್ತು ದಾಟಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಿಲ್ಲದೆ ಹೊರಗೆ ಕಾಲಿಟ್ಟದ್ದನ್ನು ಯಾರೂ ನೋಡಿಲ್ಲ.

ಯಾರಿಗೂ ಬೇಡದ ಕೆಲಸ ಅದು. ಮದುವೆಯ ಕಾಗದ ತಂದವನಿಗೆ ಶರಬತ್ತು ಸಿಗುತ್ತದೆ, ಕೋರ್ಟಿನ ಕಾಗದ ತಂದವನಿಗೆ ಬೈಗುಳ ಸಿಗುತ್ತದೆ. ಅರ್ಥವಾಗದ ಭಾಷೆಯಲ್ಲಿ ಬೈದರೆ ಮಧ್ಯಾಹ್ನದ ಊಟ ಚೆನ್ನಾಗಿಯೇ ಸೇರುತ್ತದೆ, ತುಳುವಿನಲ್ಲಿ ಬೈದರೆ ಮಾತ್ರ ಎರಡು ದಿನ ಮನಸ್ಸಿಗೆ ಹತ್ತಿಕೊಂಡಿರುತ್ತದೆ ಎನ್ನುತ್ತಾನೆ ಗೇಬ್ರಿಯಲ್. ಅಲ್ ಐನಿನಲ್ಲಿ ಒಬ್ಬ ಅವನ ಮೇಲೆ ತೋಟದ ಪೈಪು ತಿರುಗಿಸಿ ತಲೆಯಿಂದ ಕಾಲಿನವರೆಗೆ ನೆನೆಸಿದ್ದುಂಟು. ಆ ದಿನ ಬಿಸಿಲು ಹೇಗಿತ್ತೆಂದರೆ ಗೇಬ್ರಿಯಲ್ ಥ್ಯಾಂಕ್ಸ್ ಹೇಳಿ ಕಾಗದ ಕೊಟ್ಟು ಬಂದ.

ಈ ಕೆಲಸಕ್ಕೆ ಅವನೇ ಹಾಕಿಕೊಂಡ ಎರಡು ಕಟ್ಟುಪಾಡುಗಳಿವೆ. ಸುಳ್ಳು ಹೇಳಿ ಯಾರ ಬಾಗಿಲನ್ನೂ ತೆರೆಸುವುದಿಲ್ಲ. ಕೊರಿಯರ್ ಕಂಪನಿಯ ಟೋಪಿ ಹಾಕಿಕೊಂಡು, ಎಸಿ ರಿಪೇರಿಯವನೆಂದು ಹೇಳಿಕೊಂಡು ಒಳಗೆ ನುಸುಳುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಇನ್ನೊಂದು, ಕಾಗದ ಯಾರಿಗೆ ಕೊಡಬೇಕೋ ಅವರ ಕಡೆಯಿಂದ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ಕುಡಿದ ಚಹಾ ಗಂಟಲಿನಿಂದ ಇಳಿಯುವ ಮೊದಲೇ ಕಾಗದ ಚಾಚುವುದು ಮನುಷ್ಯರು ಮಾಡುವ ಕೆಲಸವಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಕಚೇರಿಯವರು ಇದಕ್ಕೆ ನಗುತ್ತಾರೆ. ನಗಲಿ.

ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ ಕಚೇರಿಯ ಕಿರಿಯ ವಕೀಲೆ ಸ್ಟೇಸಿ ಅವನನ್ನು ಕರೆದಳು. ಅಬುಧಾಬಿಯಲ್ಲೇ ಹುಟ್ಟಿ ಬೆಳೆದ ಹುಡುಗಿ ಅವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಕಚೇರಿಯ ಅರ್ಧ ಜನರ ಜೊತೆ ಕನ್ನಡ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಾಳೆ.

"ಅಂಕಲ್, ಇವತ್ತು ನಾಳೆಯಲ್ಲಿ ಒಬ್ಬರಿಗೆ ಆರ್ಡರ್ ಕೊಡ್ಲೇಬೇಕು. ಕೊಡ್ಲಿಕ್ಕೆ ಆಗದಿದ್ರೆ ಪ್ರಫುಲ್ಲಾ ಆಂಟಿಯ ಮನೆ ಹೋಯ್ತು."

ಪ್ರಫುಲ್ಲಾ ಯಾರೆಂದು ಗೇಬ್ರಿಯಲ್‌ಗೆ ಗೊತ್ತಿತ್ತು. ಕಚೇರಿಯ ಸೋಫಾದ ತುದಿಯಲ್ಲಿ, ಪೂರ್ತಿ ಕೂತರೆ ಯಾರಾದರೂ ಏಳಿಸಿಯಾರು ಎಂಬಂತೆ ಕೂರುತ್ತಿದ್ದ ಹೆಂಗಸು. ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ಗಂಡ ಕೃಷ್ಣಪ್ಪ ದುಬೈಯ ರಾಸ್ ಅಲ್ ಖೋರ್‌ನಲ್ಲಿ ದೊಡ್ಡಮ್ಮನ ಮಗ ರಘುನಂದನನ ಜೊತೆ ಸೇರಿ ಗ್ಯಾರೇಜು ಕಟ್ಟಿದವನು. ಅಣ್ಣ ಗಿರಾಕಿ ಹಿಡಿಯುವುದು, ತಮ್ಮ ಗಾಡಿಯ ಕೆಳಗೆ ಮಲಗುವುದು. ಹೋದ ವರ್ಷ ಹಾಗೆ ಮಲಗಿದ್ದಾಗಲೇ ಕೃಷ್ಣಪ್ಪನ ಹೃದಯ ನಿಂತಿತು.

ರೀಮ್ ದ್ವೀಪದಲ್ಲಿ ಪ್ರಫುಲ್ಲಾ ಮಗಳೊಂದಿಗೆ ಇದ್ದ ಫ್ಲ್ಯಾಟು ಕೃಷ್ಣಪ್ಪನ ದುಡಿಮೆಯದು. ಆದರೆ ಕೊಂಡದ್ದು ರಘುನಂದನನ ಒಂದು ಸಣ್ಣ ಕಂಪನಿಯ ಹೆಸರಿನಲ್ಲಿ, ಆಗ ಅದು ಸುಲಭವಾಗಿತ್ತು ಎಂಬ ಒಂದೇ ಕಾರಣಕ್ಕೆ. ಇಬ್ಬರ ನಡುವೆ ಒಂದು ತುಂಡು ಬರಹವಿರಲಿಲ್ಲ. ಅಣ್ಣನ ಹತ್ತಿರ ಬರೆಸಿಕೊಳ್ಳುವುದೇ? ಕೇಳಿದರೆ ಅಣ್ಣನನ್ನು ಕಳ್ಳ ಎಂದಂತೆ, ಇದು ಕರಾವಳಿಯವರ ಮರ್ಯಾದೆ. ಈ ಮರ್ಯಾದೆಗೆ ಸಿಕ್ಕಿ ಮನೆ ಕಳೆದುಕೊಂಡವರನ್ನು ಸಾಲಾಗಿ ನಿಲ್ಲಿಸಿದರೆ ಅಬುಧಾಬಿಯಿಂದ ದುಬೈ ತನಕ ಬಂದೀತು.

ಈಗ ರಘುನಂದನ ಮಾರಲು ಹೊರಟಿದ್ದ. ಫ್ಲ್ಯಾಟನ್ನೇ ಮಾರಿದ್ದರೆ ದ್ವೀಪದ ನೋಂದಣಿ ಕಚೇರಿಗೆ ಬರಬೇಕಿತ್ತು, ಅಲ್ಲಿ ತಡೆಯಬಹುದಿತ್ತು. ಅವನು ಮಾರುತ್ತಿದ್ದುದು ಫ್ಲ್ಯಾಟು ಇಟ್ಟುಕೊಂಡ ಕಂಪನಿಯನ್ನು. ದುಬೈಯಲ್ಲಿ ಕೂತು ಒಂದು ಸಹಿ ಹಾಕಿದರೆ ಮುಗಿಯಿತು, ಪ್ರಫುಲ್ಲಾ ಮಲಗಿದ್ದ ಕೋಣೆ ಅವಳು ಏಳುವುದರೊಳಗೆ ಬೇರೆಯವರದು. ಕೋಣೆಗಳನ್ನು ನೋಡಲು ಬಂದ ಬ್ರೋಕರೇ ಬಾಯಿ ಬಿಟ್ಟಿದ್ದ, ಶನಿವಾರ ಸಂಜೆ ಸಹಿ ಎಂದು.

"ಆರ್ಡರ್ ಸಿಕ್ಕಿದೆ," ಎಂದಳು ಸ್ಟೇಸಿ. "ಈಮೇಲ್, ವಾಟ್ಸ್ಯಾಪ್ ಎರಡಕ್ಕೂ ಕಳಿಸಿದ್ದೇವೆ. ನೋಡೇ ಇಲ್ಲ ಅಂತಾರೆ. ಮೀರಿದ್ರೆ ಜೈಲು ಅಂತ ಆಗಬೇಕಾದ್ರೆ ಸಹಿಗೆ ಮೊದಲು ಕೈಗೆ ಮುಟ್ಟಬೇಕು ಅಂಕಲ್. ಜಡ್ಜ್ ಸ್ಪಷ್ಟವಾಗಿ ಹೇಳಿದ್ದಾರೆ."

ಕೋರ್ಟಿನ ಮುದ್ರೆಯಿರುವ ಪ್ರತಿ ಪ್ರಿಂಟರಿನಿಂದ ಹೊರಬರುವವರೆಗೆ ಅವಳ ಬಾಯಿ ಸುಮ್ಮನಿರಲಿಲ್ಲ. ದ್ವೀಪದ ಈ ಕೋರ್ಟು ಇಂಗ್ಲಿಷ್ ಕಾನೂನಿನ ಪ್ರಕಾರ ನಡೆಯುವಂಥದು. ಬರಹವಿಲ್ಲದಿದ್ದರೂ ನಂಬಿಕೆಗೆ ಬೆಲೆ ಕೊಟ್ಟು ನ್ಯಾಯ ನೋಡುವ ಪದ್ಧತಿ ಅದರಲ್ಲಿದೆ. ಇಂಗ್ಲೆಂಡಿನಲ್ಲಿ ಹಿಂದೆ ಅದಕ್ಕೆಂದೇ ಚಾನ್ಸರಿ ಎಂಬ ಬೇರೆ ಕೋರ್ಟು ಇತ್ತು. ದ್ವೀಪದ ಆಜ್ಞೆ ದುಬೈಯಲ್ಲಿ ಕೂತವನನ್ನು ಹೇಗೆ ಹಿಡಿದೀತು ಎಂಬ ಪ್ರಶ್ನೆ ಬರಬಹುದೆಂದು ಸ್ಟೇಸಿ ಹಳೆಯದನ್ನೆಲ್ಲ ಓದಿಕೊಂಡಿದ್ದಳು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವಳಿಗೆ ಅನ್ನ ಕರಗುವುದಿಲ್ಲ.

"ಲ್ಯಾಂಕಾಶೈರ್ ಅಂತ ಒಂದು ಕೌಂಟಿ ಅಂಕಲ್, ನಮ್ಮ ಊರಿನ ಜಿಲ್ಲೆ ಇದ್ದ ಹಾಗೆ. ಲಂಡನ್‌ನ ದೊಡ್ಡ ಚಾನ್ಸರಿ ಬೇರೆ, ಇವರ ಜಿಲ್ಲೆಯದ್ದೇ ಸಣ್ಣ ಚಾನ್ಸರಿ ಬೇರೆ. ಆದ್ರೆ ಅದರ ಕೈ ಜಿಲ್ಲೆಯ ಗಡಿ ತನಕ ಮಾತ್ರ. ಲಿವರ್‌ಪೂಲ್‌ನಲ್ಲಿ ಮೋಸ ಮಾಡಿದವ ಫೆರಿ ಹತ್ತಿ ನದಿ ದಾಟಿದ್ರೆ ಆಚೆ ಬೇರೆ ಜಿಲ್ಲೆ. ಖಲಾಸ್!"

"ದೇರಾದಲ್ಲಿ ಅಬ್ರಾ ದೋಣಿ ಹತ್ತಿ ಬರ್ ದುಬೈಯಲ್ಲಿ ಇಳಿದ ಹಾಗೆ?"

"ಹಾಗೇ! ಆಮೇಲೆ ವಿಕ್ಟೋರಿಯಾ ರಾಣಿಯ ಟೈಮಲ್ಲಿ ಪಾರ್ಲಿಮೆಂಟಲ್ಲಿ ಕಾಯಿದೆ ಮಾಡಿದ್ರು. 1850ರಲ್ಲಿ ಒಂದು, 1854ರಲ್ಲಿ ಇನ್ನೊಂದು. ಗಡಿ ದಾಟಿದವನಿಗೂ ಆ ಸಣ್ಣ ಕೋರ್ಟಿನ ಕಾಗದ ಮುಟ್ಟಿಸಬಹುದು, ಅದರ ಹಿಂದೆ ದೊಡ್ಡ ಕೋರ್ಟಿನ ಬಲ ನಿಲ್ತದೆ ಅಂತ."

"ಆ ಕಾಯಿದೆ ನಮ್ಮ ಕೇಸಿಗೆ ಬರ್ತದಾ?"

"ಇಲ್ಲ, ಇಲ್ಲಿಗೆ ಇಲ್ಲಿಯದ್ದೇ ರೂಲ್ಸ್ ಉಂಟು. ಆದ್ರೆ ತಲೆನೋವು ಅದೇ ಅಲ್ವಾ? ಚಾನ್ಸರಿಯ ಆಜ್ಞೆ ಗೋಡೆಗೆ ಅಲ್ಲ, ನೆಲಕ್ಕೆ ಅಲ್ಲ, ಮನುಷ್ಯನಿಗೆ. ಅವ ಎಲ್ಲಿದ್ದಾನೋ ಅಲ್ಲಿಗೆ ಹೋಗಿ ಮುಟ್ಟಬೇಕು."

ಗೇಬ್ರಿಯಲ್ ಬಿಸಿ ಆರದ ಹಾಳೆಗಳನ್ನು ಜೋಡಿಸುತ್ತ ಕೇಳಿದ. "ಹಾಗಾದ್ರೆ ಆ ಕಾಗದ ಹಿಡ್ಕೊಂಡು ಮೊದಲು ನದಿ ದಾಟಿದವ ಯಾರು?"

ಸ್ಟೇಸಿ ನಕ್ಕಳು. "ಅದು ಪುಸ್ತಕದಲ್ಲಿ ಇಲ್ಲ ಅಂಕಲ್."

ಗೇಬ್ರಿಯಲ್‌ಗೆ ನಿಜವಾಗಿ ಬೇಸರವಾಯಿತು. ಕಾಯಿದೆ ಮಾಡಿದ ದೊರೆಗಳ ಹೆಸರೆಲ್ಲ ಇರುತ್ತದೆ. ದೋಣಿ ಹತ್ತಿ ಹೋಗಿ ಆಚೆ ದಡದಲ್ಲಿ ಬೈಸಿಕೊಂಡವನ ಹೆಸರು ಬರೆದಿಡಲು ಅವರ ಗಂಟೇನು ಹೋಗುತ್ತಿತ್ತು? ಹೀಗೆ ಯೋಚಿಸುತ್ತಲೇ ಕಾಗದದ ಮೇಲಿನ ಹೆಸರು ಓದಿದ. ರಾಸ್ ಅಲ್ ಖೋರ್, ಗ್ಯಾರೇಜು, ರಘುನಂದನ. ಓದಿದವನು ಕುರ್ಚಿ ಎಳೆದು ಕೂತ.

"ಎಂತ ಆಯ್ತು ಅಂಕಲ್? ಪರಿಚಯವಾ? ಬೇರೆಯವರನ್ನು ಕಳಿಸ್ಲಾ?"

"ಪರಿಚಯ ಉಂಟು. ಬೇರೆಯವರು ಹೋದ್ರೆ ಗೇಟೇ ದಾಟ್ಲಿಕ್ಕಿಲ್ಲ," ಎಂದ. ಮುಂದಿನದನ್ನು ಹೇಳಲಿಲ್ಲ.

ಮುಂದಿನದು ಇಷ್ಟು. ಇಪ್ಪತ್ತು ವರ್ಷಗಳ ಹಿಂದೆ ಏಜೆಂಟನ ಮಾತು ನಂಬಿ ವಿಸಿಟ್ ವೀಸಾದಲ್ಲಿ ಬಂದ ಗೇಬ್ರಿಯಲ್‌ಗೆ ದುಬೈಯ ನೈಫ್ ಪೇಟೆಯಲ್ಲಿ ಕೆಲಸ ಕೊಡಬೇಕಿದ್ದ ಬಟ್ಟೆ ಅಂಗಡಿಯ ಶಟರು ಎಳೆದುಕೊಂಡಿತ್ತು. ಒಂದು ಕೋಣೆಯಲ್ಲಿ ಹತ್ತು ಮಂಚ, ಅದರಲ್ಲೊಂದು ಅವನದು. ಹಗಲಿಡೀ ಕೆಲಸ ಹುಡುಕಿ ಸುತ್ತಾಟ, ಊರಿಗೆ ಫೋನ್ ಮಾಡಿದರೆ ಎಲ್ಲ ಚೆನ್ನಾಗಿದೆ ಎಂಬ ಸುಳ್ಳು. ಯಾರೋ ಹೇಳಿದರು, ರಘುನಂದನನ ಗ್ಯಾರೇಜಿಗೆ ಹೋಗು, ಅಲ್ಲಿ ನಮ್ಮ ಕಡೆಯವರಿಗೆ ಮಧ್ಯಾಹ್ನ ಅನ್ನ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಹೋದ. ಕೇಳಲಿಲ್ಲ. ಕೆಂಪಕ್ಕಿ ಅನ್ನ, ಬಂಗುಡೆ ಸಾರು. ಮೊದಲ ದಿನ ಉಣ್ಣುವಾಗ ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದು ಹೇಳಿ ಒರೆಸಿಕೊಂಡ. ಕೆಲಸ ಸಿಗುವ ತನಕ ಅವನು ಬದುಕಿದ್ದು ಆ ಅನ್ನದಿಂದ.

ಅಂಥವನ ಕೈಗೆ ಈಗ ಈ ಕಾಗದ.

ಶುಕ್ರವಾರವೇ ದುಬೈಗೆ ಓಡಿದ. ಆಫೀಸಿನಲ್ಲಿ ಸೆಕ್ಯೂರಿಟಿಯವನು, "ಸರ್ ಮಾಫಿ, ಇಲ್ಲ," ಎಂದು ಕೈಯಾಡಿಸಿದ. ಸರ್ ಅವರ ಗಾಡಿ ಅಲ್ಲೇ ನೆರಳಿನಲ್ಲಿ ನಿಂತಿತ್ತು. ಮನೆಗೆ ಹೋದರೆ ಗೇಟಿನ ಕರೆಗಂಟೆಯ ಪೆಟ್ಟಿಗೆಯಿಂದ ಹೆಂಗಸಿನ ದನಿ, ಸಾಹೇಬರು ಊರಲ್ಲಿಲ್ಲ. ಒಳಗೆ ಅದೇ ಸಾಹೇಬರ ದೊಡ್ಡ ನಗು ಕೇಳಿಸುತ್ತಿತ್ತು. ರಘುನಂದನನಿಗೆ ಕಾಗದ ಹೊರಟ ಸುದ್ದಿ ಮುಟ್ಟಿತ್ತು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ರಾತ್ರಿ ಗೇಬ್ರಿಯಲ್‌ಗೆ ನಿದ್ದೆಯೇ ಹತ್ತಲಿಲ್ಲ. ಸಿಗದಿದ್ದರೆ ಎಂಬ ಹೆದರಿಕೆ ಒಂದು ಕಡೆ. ಸಿಕ್ಕಿದರೆ ಎಂಬ ಹೆದರಿಕೆ ಇನ್ನೊಂದು ಕಡೆ.

ಶನಿವಾರ ಗ್ಯಾರೇಜಿನಲ್ಲಿ ಆಯುಧಪೂಜೆಯ ಊಟವಿತ್ತು. ಹಬ್ಬ ವಾರದ ನಡುವೆ ಬಂದರೂ ಊಟ ರಜೆಯ ದಿನವೇ ಆಗುವುದು ಇಲ್ಲಿಯ ವಾಡಿಕೆ. ಆ ದಿನ ಕರಾವಳಿಯವರು ಯಾರು ಬಂದರೂ ಗೇಟು ತೆರೆದಿರುತ್ತದೆ. ಬಂದವರನ್ನು ಉಣ್ಣಿಸದೆ ಕಳಿಸಿದ್ದೇ ಇಲ್ಲ ಎಂಬುದು ರಘುನಂದನನ ಹೆಗ್ಗಳಿಕೆ, ಮತ್ತು ಅದು ಪೊಳ್ಳು ಹೆಗ್ಗಳಿಕೆಯಲ್ಲ. ನೂರು ಜನರಿಗೆ ಧಾರಾಳಿಯಾದವನು ತಮ್ಮನ ಹೆಂಡತಿಯ ವಿಷಯದಲ್ಲಿ ಕಲ್ಲಾಗುವುದು ಲೋಕದಲ್ಲಿ ಹೊಸದೂ ಅಲ್ಲ.

ಗೇಬ್ರಿಯಲ್ ಕಾಗದವನ್ನು ಅಂಗಿಯೊಳಗೆ ಬನಿಯನಿಗೆ ತಾಗಿಸಿ ಇಟ್ಟುಕೊಂಡು ಹೋದ. ಗೇಟಿನಲ್ಲಿ ನಿಂತಿದ್ದವನು ರಿತೇಶ್, ರಘುನಂದನನ ತಂಗಿಯ ಮಗ, ಈಗ ಗ್ಯಾರೇಜಿನ ಮ್ಯಾನೇಜರು.

"ಓ, ಗೇಬ್ರಿಯಲ್ ಅಂಕಲ್! ಎಷ್ಟು ವರ್ಷ ಆಯ್ತು ಮಾರಾಯ್ರೆ! ಈಗ ಎಲ್ಲಿ ಕೆಲ್ಸ?"

ಸುಳ್ಳು ಹೇಳಿದರೆ ಒಂದು ಕ್ಷಣದಲ್ಲಿ ಒಳಗೆ. "ರೀಮ್ ಐಲ್ಯಾಂಡಲ್ಲಿ. ವಕೀಲರ ಆಫೀಸಲ್ಲಿ."

ರಿತೇಶನ ನಗು ಅರ್ಧಕ್ಕೆ ನಿಂತಿತು. "ಊಟಕ್ಕೆ ಬಂದದ್ದಾ?"

"ರಘಣ್ಣನನ್ನು ನೋಡ್ಲಿಕ್ಕೆ ಬಂದದ್ದು."

ಬೇರೆ ದಿನವಾಗಿದ್ದರೆ ಅಲ್ಲಿಂದಲೇ ಹೊರಗೆ. ಆದರೆ ಆ ದಿನ ಗೇಟಿಗೆ ಬಂದವನನ್ನು ಹೇಗೆ ಅಟ್ಟುವುದು? ಹಿಂದೆ ಮುಂದೆ ಜನ ನಿಂತಿದ್ದಾರೆ, ಪರಿಚಯದವರು ಗೇಬ್ರಿಯಲ್‌ನ ಬೆನ್ನು ತಟ್ಟುತ್ತಿದ್ದಾರೆ. ರಿತೇಶ್ ಹಲ್ಲು ಕಚ್ಚಿ ಹ್ಹೆಹ್ಹೆ ಎಂದ. "ಮಾಮ ಸ್ವಲ್ಪ ಬಿಝಿ. ನೀವು ಮೊದಲು ಊಟ ಮಾಡಿ. ಮತ್ತೆ ನೋಡುವ." ಕೈ ಹಿಡಿದು ಕರೆದುಕೊಂಡು ಹೋಗಿ ಎಲ್ಲರಿಗಿಂತ ದೂರದ ಮೂಲೆಯಲ್ಲಿ ಕೂರಿಸಿದ. ಪ್ರೀತಿಯಿಂದ ಹಿಡಿದಂತೆ ಕಾಣುತ್ತಿತ್ತು. ಮಣಿಕಟ್ಟಿನಲ್ಲಿ ಬೆರಳಿನ ಗುರುತು ಮೂಡಿತ್ತು.

ಗಾಡಿ ಎತ್ತುವ ಲಿಫ್ಟುಗಳಿಗೆ ಚೆಂಡುಹೂವಿನ ಮಾಲೆ, ಸ್ಪ್ಯಾನರುಗಳಿಗೆ ಕುಂಕುಮ. ನೆಲಕ್ಕೆ ಚಾಪೆ ಹಾಸಿ ಎದುರುಬದುರು ಸಾಲು. ಬಾಳೆ ಎಲೆಯ ಮೇಲೆ ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು ಬೀಳುತ್ತಾ ಬಂತು. ಆಚೆ ತುದಿಯಲ್ಲಿ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿ, ಬೆವರು ಸುರಿಸುತ್ತ ತಾನೇ ಬಡಿಸುತ್ತಿದ್ದ ರಘುನಂದನ ಗೇಬ್ರಿಯಲ್‌ನ ಕಣ್ಣಿಗೆ ಬಿದ್ದ. ಎದ್ದು ಹೋಗಿ ಕೊಟ್ಟುಬಿಡಲೇ ಎಂದು ಮಂಡಿ ಊರುವುದರೊಳಗೆ ರಿತೇಶ್ ಮಾವನ ಕಿವಿಯಲ್ಲಿ ಏನೋ ಹೇಳಿ ಆಯಿತು. ರಘುನಂದನ ಸಾಲನ್ನು ಒಮ್ಮೆ ಗಾಬರಿಯಿಂದ ನೋಡಿದ, ಟೈ ಕಟ್ಟಿದ ವಕೀಲನನ್ನು ಹುಡುಕುವವನಂತೆ. ಸಾರಿನ ಪಾತ್ರೆಯನ್ನು ಇನ್ನೊಬ್ಬನಿಗೆ ಕೊಟ್ಟು ಗಾಜಿನ ಕ್ಯಾಬಿನ್ನಿನೊಳಗೆ ಹೊಕ್ಕ. ಪರದೆ ಎಳೆದರು. ಫೋನು ಕಿವಿಗೆ ಹಚ್ಚಿ ರಿತೇಶ್ ಗೇಟಿಗೆ ಓಡಿದ.

ಸ್ವಲ್ಪ ಹೊತ್ತಿಗೆ ಕೋಟು ಹಾಕಿದ ಒಬ್ಬ ಕೈಯಲ್ಲಿ ಚರ್ಮದ ಚೀಲ ಹಿಡಿದು ಬಂದ. ಅವನ ಹಿಂದೆ ಇನ್ನೂ ಇಬ್ಬರು. ಮೂವರೂ ನೆಟ್ಟಗೆ ಕ್ಯಾಬಿನ್ನಿಗೆ ಹೋದರು. ರಿತೇಶ್ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

ಗೇಬ್ರಿಯಲ್‌ಗೆ ಅರ್ಥವಾಯಿತು. ಸಂಜೆಯ ಸಹಿ ಈಗಲೇ ಆಗುತ್ತಿದೆ. ಆ ಪರದೆಯ ಹಿಂದೆ ಯಾರೋ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ. ಬಾಗಿಲಿಗೆ ನುಗ್ಗಿದರೆ ನಾಲ್ಕು ಮೆಕ್ಯಾನಿಕ್‌ಗಳು ಎತ್ತಿ ಹೊರಗಿಡುತ್ತಾರೆ, ಅಷ್ಟೊತ್ತಿಗೆ ಸಹಿ ಆಗಿರುತ್ತದೆ. ಕೂಗಿದರೆ ಪರದೆಯೊಳಗೆ ಕೇಳಿಸಿಲ್ಲ ಎನ್ನುತ್ತಾರೆ. ಫೋನು ತೆಗೆದು ಸ್ಟೇಸಿಗೆ ಹೇಳೋಣವೆಂದರೆ ಅವಳು ಅಲ್ಲಿಂದ ಮಾಡುವುದೇನು? ಅವನ ಮುಂದೆ ಎಲೆಯ ಮೇಲೆ ಅನ್ನ ಹಬೆಯಾಡುತ್ತಿತ್ತು. ಅದನ್ನು ಮುಟ್ಟಲು ಅವನಿಂದ ಆಗಲಿಲ್ಲ. ಕೈ ಎರಡೂ ತೊಡೆಯ ಮೇಲೆ ಹಾಗೇ ಇದ್ದವು.

"ಎಂತ ಪೊರ್ಬುಗಳೇ, ಉಣ್ಣುದಿಲ್ವಾ?" ಎಂದ ಪಕ್ಕದಲ್ಲಿ ಕೂತಿದ್ದ ಮುದಿ ಮೆಕ್ಯಾನಿಕ್. ಕ್ರೈಸ್ತರನ್ನು ತುಳುವರು ಗೌರವದಿಂದ ಪೊರ್ಬು ಎಂದು ಕರೆಯುತ್ತಾರೆ.

"ಇಲ್ಲ."

"ಹುಷಾರಿಲ್ವಾ?"

"ಹುಷಾರುಂಟು. ಉಣ್ಣುದಿಲ್ಲ."

ಮುದುಕ ತುತ್ತು ಎತ್ತಿದ ಕೈಯನ್ನು ಇಳಿಸಿದ. ಎಲೆಯ ಮುಂದೆ ಕೂತವನು ಉಣ್ಣಲಾರೆ ಎನ್ನುವುದು ಸಣ್ಣ ಮಾತಲ್ಲ. ಬಡಿಸಿದವರಲ್ಲಿ ಏನೋ ಕೊರತೆ ಕಂಡಿತು, ಇಲ್ಲವೇ ಮನಸ್ಸಿಗೆ ಏನೋ ನೋವಾಗಿದೆ ಎಂದು ಅರ್ಥ. ಸಾಲಿನಲ್ಲಿ ಒಬ್ಬ ಹಾಗೆ ಕೂತರೆ ಉಳಿದವರು ಏಳುವಂತಿಲ್ಲ. ಬಡಿಸುವವರು ಬಂದು ಉಪಚಾರ ಮಾಡಿದರು, ಆಗಲಿಲ್ಲ. ಅಡುಗೆಯವನು ಸೌಟು ಹಿಡಿದುಕೊಂಡೇ ಬಂದು, "ಉಪ್ಪು ಹೆಚ್ಚಾಯ್ತಾ?" ಎಂದ. ಅಲ್ಲ ಎಂದು ಗೇಬ್ರಿಯಲ್ ತಲೆಯಾಡಿಸಿದ. ಮಾತು ಎಲೆಯಿಂದ ಎಲೆಗೆ ದಾಟಿತು. ಹರಟೆ ನಿಂತಿತು. ಹೊರಗೆ ಎರಡನೆಯ ಪಂಕ್ತಿಗೆ ಕಾದಿದ್ದವರು ಬಿಸಿಲಿನಲ್ಲಿ ಕಾಲು ಬದಲಿಸುತ್ತ ಇಣುಕಿದರು. ಇದನ್ನೆಲ್ಲ ಗೇಬ್ರಿಯಲ್ ಯೋಚಿಸಿ ಮಾಡಿದ್ದಲ್ಲ. ಆದರೆ ಅಡುಗೆಯವನು ಕ್ಯಾಬಿನ್ನಿನ ಕಡೆ ನಡೆದದ್ದನ್ನು ಕಂಡಾಗ ಏನಾಗಲಿದೆಯೆಂದು ಅವನಿಗೆ ಹೊಳೆಯಿತು.

ರಿತೇಶ್ ಅಡ್ಡ ನಿಂತ. ಅಡುಗೆಯವನು ಅವನ ಹೆಗಲ ಮೇಲಿಂದ ಒಳಗೆ ಕೂಗಿದ. "ಧಣಿಗಳೇ, ಪಂಕ್ತಿಯಲ್ಲಿ ಒಬ್ಬರು ಉಣ್ಣದೆ ಕೂತಿದ್ದಾರೆ. ಎಷ್ಟು ಹೇಳಿದ್ರೂ ಕೇಳುದಿಲ್ಲ."

ಗೇಬ್ರಿಯಲ್ ಬಾಗಿಲನ್ನೇ ನೋಡುತ್ತಿದ್ದ. ಬರುತ್ತಾನೆಯೇ? ಬಂದರೂ ಸಹಿ ಹಾಕಿಯೇ ಬರುತ್ತಾನೆಯೇ? ಹಾಗೇನಾದರೂ ಆಗಿದ್ದರೆ ಅಂಗಿಯೊಳಗಿನ ಕಾಗದಕ್ಕೆ ಕೈ ಒರೆಸುವ ಕಾಗದದ ಬೆಲೆಯೂ ಇಲ್ಲ.

ಬಾಗಿಲು ತೆರೆಯಿತು. ರಘುನಂದನ ಹೊರಗೆ ಬಂದ. ರಿತೇಶ್ ಅವನ ತೋಳು ಹಿಡಿದು, "ಮಾಮಾ, ಬೇಡ, ಅವರೇ," ಎನ್ನುತ್ತಿದ್ದ. ಆದರೆ ಇಡೀ ಪಂಕ್ತಿ ತಲೆ ಎತ್ತಿ ನೋಡುತ್ತಿರುವಾಗ ರಘುನಂದನನಂಥವನು ಹಿಂದೆ ಸರಿಯುವುದುಂಟೇ? ತೋಳು ಕೊಡವಿಕೊಂಡು, ದಾರಿಯಲ್ಲಿ ಒಬ್ಬನ ಕೈಯಿಂದ ಪಾಯಸದ ಬಕೆಟ್ಟು ಇಸಿದುಕೊಂಡು ನೇರ ಮೂಲೆಗೆ ಬಂದ. ಗುರುತು ಹಿಡಿದವನ ಮುಖ ಅರಳಿತು.

"ಏ ಗೇಬ್ರಿ, ನೀನಾ! ಎಂತದು ಮಾರಾಯ ಇದು ಮಕ್ಕಳಾಟಿಕೆ? ಒಳಗೆ ಒಂದು ಸಹಿ ಹಾಕ್ಲಿಕ್ಕೆ ಕೂತವ, ಅದನ್ನೂ ಬಿಟ್ಟು ಬಂದೆ ನಿನಗಾಗಿ. ಎಂತ ಕಮ್ಮಿ ಆಯ್ತು ಹೇಳು."

ಸಹಿ ಆಗಿಲ್ಲ. ಗೇಬ್ರಿಯಲ್ ನೆಲಕ್ಕೆ ಕೈಯೂರಿ, ಮಂಡಿ ಕಟಕಟ ಎನ್ನಿಸುತ್ತ ಎದ್ದು ನಿಂತ. ಅಂಗಿಯೊಳಗೆ ಕೈ ಹಾಕಿ ಕಾಗದ ತೆಗೆದ. ಬೆವರಿಗೆ ಅದರ ಒಂದು ಮೂಲೆ ಒದ್ದೆಯಾಗಿತ್ತು.

"ಕಮ್ಮಿ ಎಂತದೂ ಆಗ್ಲಿಲ್ಲ ರಘಣ್ಣ. ಇದನ್ನು ಕೊಡ್ಲಿಕ್ಕೆ ಬಂದದ್ದು. ಉಂಡು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಅದಕ್ಕೆ ಉಣ್ಣಲಿಲ್ಲ. ಕೃಷ್ಣಪ್ಪಣ್ಣನ ಫ್ಲ್ಯಾಟಿನ ವಿಷಯ. ತೀರ್ಮಾನ ಆಗುವ ತನಕ ಆ ಕಂಪನಿಯನ್ನು ಯಾರಿಗೂ ಮಾರಬಾರದು, ಬರೆದು ಕೊಡಬಾರದು ಅಂತ ರೀಮ್ ಐಲ್ಯಾಂಡಿನ ಕೋರ್ಟಿನ ಆರ್ಡರ್. ಮೀರಿದ್ರೆ ಜೈಲು ಅಂತ ಮೊದಲನೇ ಪುಟದಲ್ಲೇ ಉಂಟು."

"ಡೋಂಟ್ ಟಚ್ ಇಟ್ ಮಾಮಾ!" ರಿತೇಶ್ ಓಡಿ ಬಂದು ಗೇಬ್ರಿಯಲ್‌ನ ಮೊಣಕೈ ಹಿಡಿದ.

ರಘುನಂದನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸೌಟು ಹಿಡಿದು ನಿಂತಿದ್ದ. ಮುಖದ ಬಣ್ಣ ಇಳಿದಿತ್ತು. ಆದರೂ ನಗಲು ನೋಡಿದ. "ಅದು ಆ ದ್ವೀಪದ ಕೋರ್ಟು. ನಾನು ನಿಂತಿರುದು ದುಬೈಯಲ್ಲಿ. ಆ ಕೋರ್ಟು ಇಲ್ಲಿಗೆ ಬರ್ತದಾ?"

"ಕೋರ್ಟು ಬರುದಿಲ್ಲ ರಘಣ್ಣ," ಎಂದ ಗೇಬ್ರಿಯಲ್. "ಅದಕ್ಕೇ ನಾನು ಬಂದದ್ದು."

ತೆಗೆದುಕೊಳ್ಳದಿದ್ದರೆ ಕಾಲಬುಡದಲ್ಲಿ ಇಟ್ಟು ವಿಷಯ ಹೇಳಿದರೂ ಸಾಕು, ಕಾನೂನಿಗೆ ಅಷ್ಟರಲ್ಲೇ ತೃಪ್ತಿ. ಗೇಬ್ರಿಯಲ್‌ಗೆ ಅದು ಗೊತ್ತಿತ್ತು. ಆದರೆ ಅನ್ನ ಹಾಕಿದವನ ಕಾಲಬುಡಕ್ಕೆ ಕಾಗದ ಎಸೆಯಲು ಮನಸ್ಸು ಬರಲಿಲ್ಲ. ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡ. ಸಾಲಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ.

"ನೀನು ಇಲ್ಲಿ ಉಂಡವ," ಎಂದ ರಘುನಂದನ. "ಯಾರೂ ದಿಕ್ಕಿಲ್ಲದಾಗ ನಿನಗೆ ಅನ್ನ ಹಾಕಿದ ಜಾಗ ಇದು. ನೆನಪುಂಟಾ?"

"ಉಂಟು. ಆ ಅನ್ನದಿಂದಲೇ ನಾನು ಬದುಕಿದ್ದು. ಅದನ್ನು ಸಾಯುವ ತನಕ ಮರೆಯುದಿಲ್ಲ." ಗೇಬ್ರಿಯಲ್ ಕಾಗದವನ್ನು ಇನ್ನಷ್ಟು ಮುಂದೆ ಚಾಚಿದ. "ಬಡಿಸ್ತಿದ್ದದ್ದು ಕೃಷ್ಣಪ್ಪಣ್ಣ."

ಪಕ್ಕದ ಮುದಿ ಮೆಕ್ಯಾನಿಕ್ ಎಡಗೈಯಿಂದ ಕಣ್ಣು ಮುಚ್ಚಿಕೊಂಡ. ಅಲ್ಲಿ ಕೂತವರಲ್ಲಿ ಅರ್ಧ ಜನ ಕೃಷ್ಣಪ್ಪನ ಕೈಯ ಅನ್ನ ಉಂಡವರು. ಆ ಫ್ಲ್ಯಾಟು ಯಾರದೆಂದು ಅವರಿಗೆಲ್ಲ ಗೊತ್ತಿತ್ತು. ಒಂದು ವರ್ಷದಿಂದ ಒಬ್ಬನೂ ಬಾಯಿ ತೆರೆದಿರಲಿಲ್ಲ.

ರಘುನಂದನ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಬಕೆಟ್ಟನ್ನು ನೆಲಕ್ಕಿಟ್ಟ, ಸೌಟನ್ನು ಅದರೊಳಗೆ ಬಿಟ್ಟ. ಕೈಯನ್ನು ಟವೆಲಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡ.

"ನಾನೇನು ಅವಳನ್ನು ಬೀದಿಗೆ ಹಾಕ್ತಿದ್ದೆನಾ?" ಎಂದ, ಕಾಗದಕ್ಕೇ ಹೇಳುವವನಂತೆ. "ತಾಯಿ ಮಗಳಿಗೆ ಟಿಕೆಟ್ ಮಾಡಿ ಮರ್ಯಾದೆಯಲ್ಲಿ ಊರಿಗೆ ಕಳಿಸ್ತಿದ್ದೆ." ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆಗ ಅವನಿಗೆ ಸಿಟ್ಟು ಬಂತು. "ಹೋಗು ಗೇಬ್ರಿ. ಕೊಟ್ಟಾಯ್ತಲ್ಲ, ಹೋಗು. ಇನ್ನು ಈ ಗೇಟು ದಾಟಬೇಡ."

"ಆಯ್ತು ರಘಣ್ಣ," ಎಂದು ಗೇಬ್ರಿಯಲ್ ಚಪ್ಪಲಿ ಹುಡುಕಿಕೊಂಡು ನಡೆದ. ಕ್ಯಾಬಿನ್ನಿನಿಂದ ಕೋಟಿನವನು ಚರ್ಮದ ಚೀಲ ಎತ್ತಿಕೊಂಡು ಹೊರಬಂದ. ಹಬ್ಬದ ಊಟಕ್ಕೆ ಕೂತುಕೊಳ್ಳಿ ಎಂದು ಯಾರೋ ಅವನಿಗೆ ಹೇಳಿದ್ದಕ್ಕೆ ಬೇಡ ಬೇಡ ಎಂದು ಗಾಡಿ ಹತ್ತಿದ. ಜೊತೆಗೆ ಬಂದಿದ್ದ ಇಬ್ಬರೂ ಹತ್ತಿದರು. ಗೇಬ್ರಿಯಲ್ ಅದನ್ನು ರಸ್ತೆಯಾಚೆ ನಿಂತು ಕಣ್ಣಾರೆ ನೋಡಿದ ಮೇಲೆಯೇ ತನ್ನ ಗಾಡಿಗೆ ಹೋದ.

ಒಳಗೆ ಕೂತಾಗ ಗೆದ್ದ ಸಂತೋಷವೇನೂ ಇರಲಿಲ್ಲ. ದುಬೈಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವನಿಗಿದ್ದ ಒಂದೇ ಬಾಗಿಲು ಅದು, ಈಗ ಮುಚ್ಚಿತು. ದುಃಖವಾಯಿತು, ಒಳ್ಳೆಯ ದುಃಖವೇ ಆಯಿತು. ಆದರೆ ಮತ್ತೊಮ್ಮೆ ಕೊಡಬೇಕಾಗಿ ಬಂದರೂ ಕೊಡುತ್ತಿದ್ದ. ಸ್ಟೇಸಿಗೆ ಎರಡು ಮಾತು ಹೇಳಿದ. ಅವಳು ಕಿರುಚಿದ ಸದ್ದಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆಮೇಲೆ ಪ್ರಫುಲ್ಲಾಳ ನಂಬರು ಒತ್ತಿದ.

"ಪ್ರಫುಲ್ಲಕ್ಕ, ಕೊಟ್ಟಾಯ್ತು. ಸಹಿ ಆಗ್ಲಿಲ್ಲ. ಮನೆಗೆ ಈಗ ಯಾರೂ ಕೈ ಹಾಕುವ ಹಾಗಿಲ್ಲ. ಕೇಸು ನಡೀಬೇಕು, ಅದು ಬೇರೆ. ನೀವು ಅಲ್ಲಿಂದ ಏಳಬೇಕಾಗಿಲ್ಲ."

ಆ ಕಡೆಯಿಂದ ಪರ್ರೆಂದು ಏನನ್ನೋ ಹರಿದ ಸದ್ದು ಕೇಳಿಸಿತು. ಮತ್ತೆ ಪರ್ರೆಂದಿತು. ಇನ್ನೊಮ್ಮೆ.

"ಎಂತದು ಅಕ್ಕಾ ಅದು ಸದ್ದು?"

"ಟೇಪು ಕೀಳ್ತಾ ಇದ್ದೇನೆ ಪೊರ್ಬುಗಳೇ." ಅವಳಿಗೆ ಉಸಿರು ಸಿಗುತ್ತಿರಲಿಲ್ಲ. "ನಿನ್ನೆಯೇ ಮನೆಯೆಲ್ಲ ಕಟ್ಟಿ ಆಗಿತ್ತು. ನೀವು ಫೋನ್ ಮಾಡುದಿಲ್ಲ ಅಂತ್ಲೇ ಎಣಿಸಿದ್ದೆ. ಬೆಳಿಗ್ಗೆಯಿಂದ ಮಗಳಿಗೆ ಎಂತದೂ ಮಾಡಿ ಕೊಡ್ಲಿಲ್ಲ. ಕುಕ್ಕರ್ ಯಾವ ಬಾಕ್ಸಲ್ಲಿ ಹಾಕಿದ್ದೇನೆ ಅಂತ ಗೊತ್ತಾಗ್ತಾ ಇಲ್ಲ."

"ನಿಧಾನ ಹುಡುಕಿ ಅಕ್ಕ. ಅವಸರ ಎಂತದೂ ಇಲ್ಲ ಈಗ."

ಅವನು ಗಾಡಿ ಹೊರಡಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಕೂತ. ಒಂದೊಂದೇ ಪೆಟ್ಟಿಗೆ ತೆರೆದ ಸದ್ದು, ಪಾತ್ರೆ ತಾಗಿದ ಸದ್ದು, ನಡುವೆ ಅವಳು ಅಳುತ್ತಿದ್ದ ಸದ್ದು ಬರುತ್ತಲೇ ಇತ್ತು. ಕೊನೆಗೆ ಅವಳು ಫೋನಿನ ಹತ್ತಿರ ಬಂದು, ಸಿಕ್ಕಿತು ಎಂದಳು.